ಹೊಸಿಲಿನಾಚೆ ನನ್ನ ಕಂಪ್ಯೂಟರು

ಬಾಣಂತಿಗೆ ಸಿಟ್ಟು ಬರುವಂತಿಲ್ಲ. ಬಂದರೆ ಅದನ್ನು ಯಾರೂ ಸಿಟ್ಟು ಅನ್ನುವುದಿಲ್ಲ, ಸನ್ನಿ ಅನ್ನುತ್ತಾರೆ. ನನಗೆ ಇದು ತಿಳಿದದ್ದು ಗೌರಿಬಿದನೂರಿನ ತವರುಮನೆಯಲ್ಲಿ, ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಬಿಗಿದು, ಹೊಟ್ಟೆಗೆ ಹಳೇ ಸೀರೆ ಸುತ್ತಿ ನನ್ನನ್ನು ಹಿಂದಿನ ಕೋಣೆಯಲ್ಲಿ ಮಲಗಿಸಿದ್ದಾಗ. ಪಕ್ಕದಲ್ಲಿ ಮಗಳು, ಮೂಲೆಯಲ್ಲಿ ಸಾಂಬ್ರಾಣಿ ಹೊಗೆ, ತಟ್ಟೆಯಲ್ಲಿ ದಿನವೂ ಅದೇ ಬೆಳ್ಳುಳ್ಳಿ, ಅದೇ ಮೆಣಸಿನ ಸಾರು. ಈಗ ಆ ಮಗಳು ಬೆನ್ನಿಗೆ ಚೀಲ ಹಾಕಿಕೊಂಡು ಶಾಲೆಗೆ ಹೋಗುತ್ತಾಳೆ. ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಆಸೆಯೂ ನನಗಿಲ್ಲ.

ನನ್ನ ಪಿಎಚ್.ಡಿ. ಪ್ರಬಂಧದ ಕೊನೆಯ ಅಧ್ಯಾಯ ಬಾಕಿ ಇತ್ತು. ವಿಷಯ ನಮ್ಮ ಕಡೆಯ ಊರುಗಳ ಹೆಸರು. ಒಂದೇ ಬಾಯಲ್ಲಿ ಕನ್ನಡವನ್ನೂ ತೆಲುಗನ್ನೂ ಆಡುವ ಜನ ತಮ್ಮ ಊರನ್ನು ಏನೆಂದು ಕರೆಯುತ್ತಾರೆ, ಯಾಕೆ ಹಾಗೆ ಕರೆಯುತ್ತಾರೆ ಎಂದು ಕೇಳಿಕೊಂಡು ವರ್ಷಗಟ್ಟಲೆ ಅಲೆದಿದ್ದೆ. ನಗರಗೆರೆ ಹೋಬಳಿಯ ಹಳ್ಳಿಗಳ ಕಟ್ಟೆಗಳ ಮೇಲೆ ಕೂತು, ಕಳವಾರದ ಬೆಟ್ಟದ ಬುಡದಲ್ಲಿ ಬಿಸಿಲಿನಲ್ಲಿ ಕಾದು, ವಿದುರಾಶ್ವತ್ಥದ ಬಸ್ಸಿನಲ್ಲಿ ನಿಂತುಕೊಂಡು ಬಂದು ಸೇರಿಸಿದ ಮಾತುಗಳು ಅವು. ಒಂದೇ ಊರಿನ ಹೆಸರಿಗೆ ಮೂರು ಮುದುಕರು ಮೂರು ಕತೆ ಹೇಳಿ, ಕೊನೆಗೆ ತಮ್ಮತಮ್ಮಲ್ಲೇ ಜಗಳವಾಡುತ್ತಿದ್ದರು. ಅವಧಿಯನ್ನು ಆಗಲೇ ಒಮ್ಮೆ ವಿಸ್ತರಿಸಿಕೊಂಡಿದ್ದೆ. ಈ ಸಲ ಕೊನೆಯ ದಿನದೊಳಗೆ ಸಲ್ಲಿಸದಿದ್ದರೆ ನೋಂದಣಿಯೇ ರದ್ದು. ಹೆರಿಗೆಗೆ ಮುಂಚೆ ಮುಗಿಸುತ್ತೇನೆಂದು ಲೆಕ್ಕ ಹಾಕಿದ್ದೆ. ಮಗಳು ಅಮ್ಮನ ಲೆಕ್ಕ ಕೇಳಲಿಲ್ಲ, ಡಾಕ್ಟರು ಹೇಳಿದ ದಿನಕ್ಕೆ ಬಹಳ ಮುಂಚೆಯೇ ಬಂದಳು.

ಪ್ರಬಂಧವೆಲ್ಲ ಇದ್ದದ್ದು ಶಿಡ್ಲಘಟ್ಟದ ನಮ್ಮ ಮನೆಯ ಕಂಪ್ಯೂಟರಿನಲ್ಲಿ. ಅದನ್ನು ನಾನು ಟೈಪು ಮಾಡಿದ್ದು ಒಂದು ಹಳೇ ಕನ್ನಡ ತಂತ್ರಾಂಶದಲ್ಲಿ. ಆ ತಂತ್ರಾಂಶ ಆ ಹಳೇ ಪೆಟ್ಟಿಗೆಯಲ್ಲಿ ಬಿಟ್ಟರೆ ಬೇರೆ ಎಲ್ಲೂ ಕೂರುವುದಿಲ್ಲ. ಹೊಸ ಲ್ಯಾಪ್‌ಟಾಪಿಗೆ ಹಾಕಲು ಹೋದರೆ ಅಕ್ಷರಗಳ ಬದಲು ಕೊಕ್ಕೆ, ಚುಕ್ಕೆ, ಪ್ರಶ್ನೆ ಗುರುತುಗಳು ಬರುತ್ತಿದ್ದವು. ಅದಕ್ಕೇ ನನ್ನ ಗಂಡ ಒಂದು ಉಪಾಯ ಮಾಡಿದರು. ಎರಡೂ ಕಡೆ ಒಂದು ಆ್ಯಪ್ ಹಾಕಿ, ಪಾಸ್‌ವರ್ಡ್ ಕೊಟ್ಟು, ಶಿಡ್ಲಘಟ್ಟದ ಪರದೆ ಗೌರಿಬಿದನೂರಿನ ನನ್ನ ಲ್ಯಾಪ್‌ಟಾಪಿನಲ್ಲಿ ಮೂಡುವ ಹಾಗೆ ಮಾಡಿದರು. ಇಲ್ಲಿ ಬೆರಳಾಡಿಸಿದರೆ ಅಲ್ಲಿ ಅಕ್ಷರ ಬೀಳುತ್ತದೆ. ಅಲ್ಲಿಯ ಕಂಪ್ಯೂಟರನ್ನು ಯಾರೂ ಆರಿಸಬಾರದು, ಅಷ್ಟೇ.

ನನ್ನ ಗಂಡ ಚಿಂತಾಮಣಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾರೆ. ಬೆಳಿಗ್ಗೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ಇರುವವರು ನನ್ನ ಅತ್ತೆ ಒಬ್ಬರೇ. ಅತ್ತೆಯೂ ಟೀಚರೇ. ಸರ್ಕಾರಿ ಶಾಲೆಯಲ್ಲಿ ಜೀವಮಾನವೆಲ್ಲ ಪಾಠ ಹೇಳಿ ನಿವೃತ್ತರಾದವರು. ರೇಷ್ಮೆ ನೂಲು ತೆಗೆಯುವ ಮನೆಗಳಿಗೆ ಹೋಗಿ, ಕೆಲಸಕ್ಕಿಟ್ಟಿದ್ದ ಹೆಣ್ಣುಮಕ್ಕಳನ್ನು ಕೈಹಿಡಿದು ಶಾಲೆಗೆ ಕರೆತಂದವರು. ‘ಓದ್ರಮ್ಮ, ಓದಿದ್ರೆ ಯಾರ ಹಂಗೂ ಇಲ್ಲ’ ಎಂದು ಅವರು ಬೀದಿಯಲ್ಲಿ ನಿಂತು ಹೇಳುತ್ತಿದ್ದದ್ದನ್ನು ಊರೆಲ್ಲ ಈಗಲೂ ನೆನೆಸಿಕೊಳ್ಳುತ್ತದೆ. ಪರರ ಮಕ್ಕಳಿಗೆ ಹೇಳಿದ ಬುದ್ಧಿ ಮನೆಯ ಸೊಸೆಗೆ ಬೇಡವಾಯಿತೇ ಎಂದು ನನಗೆ ಈಗಲೂ ಉರಿಯುತ್ತದೆ.

ಬಾಣಂತಿ ಓದಬಾರದು, ಬರೆಯಬಾರದು, ಪರದೆ ನೋಡಬಾರದು. ಹಸಿ ಮೈ, ಕಣ್ಣಿನ ನರ ಸೋತಿರುತ್ತದೆ, ಈಗ ಹೋದ ದೃಷ್ಟಿ ಮತ್ತೆ ಬರುವುದಿಲ್ಲ. ಇದು ನಮ್ಮಮ್ಮನ ಮಾತು. ಅತ್ತೆಯ ಮಾತೂ ಅದೇ. ಮದುವೆಯ ಮಾತುಕತೆಯಲ್ಲಿ ಒಂದು ವಿಷಯಕ್ಕೂ ಒಪ್ಪದ ಬೀಗಿತ್ತಿಯರು ನನ್ನ ಕಣ್ಣಿನ ವಿಷಯದಲ್ಲಿ ಒಂದಾಗಿಬಿಟ್ಟರು. ಕಣ್ಣಿನ ಡಾಕ್ಟರನ್ನು ನಾನೇ ಫೋನಿನಲ್ಲಿ ಕೇಳಿದೆ. ‘ಧಾರಾಳವಾಗಿ ಓದಿ, ನಡುನಡುವೆ ವಿಶ್ರಾಂತಿ ತಗೊಳ್ಳಿ’ ಎಂದರು. ‘ಅವ್ರು ಗಂಡಸ್ರು, ಅವ್ರಿಗೇನು ಗೊತ್ತು’ ಎಂದು ನಮ್ಮಮ್ಮ ಆ ಮಾತನ್ನು ಅಲ್ಲಿಗೇ ಮುಗಿಸಿದರು.

ಹೀಗಾಗಿ ಕದ್ದು ಬರೆಯತೊಡಗಿದೆ. ಮಧ್ಯಾಹ್ನ ನನಗೆ ಊಟ ಬಡಿಸಿ, ಮಗುವನ್ನು ಮಲಗಿಸಿ, ಅಮ್ಮ ನಡುಮನೆಯಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದರು. ಅವರ ಗೊರಕೆ ಕೇಳಿದ ಮೇಲೆ ಮಗುವಿನ ಬಟ್ಟೆಗಳ ಕೆಳಗಿಂದ ಲ್ಯಾಪ್‌ಟಾಪ್ ತೆಗೆದು, ಕಂಬಳಿಯೊಳಗೆ ತಲೆ ಹುದುಗಿಸಿ ಕೂರುತ್ತಿದ್ದೆ. ಶಿಡ್ಲಘಟ್ಟದ ಪರದೆ ಕಣ್ಣ ಮುಂದೆ ಮೂಡಿದಾಗ ಆಗುತ್ತಿದ್ದ ಸಂತೋಷ ಇಷ್ಟೆಂದು ಹೇಳಲಾರೆ. ಅದರ ಮೂಲೆಯಲ್ಲಿ ಇದ್ದ ಕಡತಗಳು, ನಾನೇ ಇಟ್ಟ ಹೆಸರುಗಳು, ಅರ್ಧಕ್ಕೆ ನಿಂತ ವಾಕ್ಯ. ನೆಟ್‌ವರ್ಕು ಎಳೆದಾಡುತ್ತಿತ್ತು, ಒತ್ತಿದ ಅಕ್ಷರ ಯೋಚನೆ ಮಾಡಿಕೊಂಡು ಬರುತ್ತಿತ್ತು. ಪರವಾಗಿಲ್ಲ, ಬರುತ್ತಿತ್ತಲ್ಲ. ಆ ಸ್ವಲ್ಪ ಹೊತ್ತು ನಾನು ಬಾಣಂತಿಯಾಗಿರಲಿಲ್ಲ, ಕೆಲಸ ಇರುವ ಮನುಷ್ಯಳಾಗಿದ್ದೆ.

ಒಂದು ಸಂಜೆ ಅಮ್ಮ ನನಗೆ ಲೇಹ್ಯ ಕೊಡುತ್ತಾ ಕೇಳಿದರು.

‘ಮಧ್ಯಾಹ್ನ ಮಲಗಿದ್ಯಾ?’

‘ಹೂಂ, ಒಳ್ಳೇ ನಿದ್ದೆ ಬಂತು.’

‘ಹಾಗಾ? ನಗರಗೆರೆ ಕಡೆ ಊರುಗಳದ್ದು ಮುಗೀತಂತೆ. ಈಗ ಕಳವಾರದ ಕಡೆ ಬಂದಿದ್ದೀಯಂತೆ?’

ಲೇಹ್ಯದ ಚಮಚ ಕೆಳಗಿಟ್ಟೆ. ಅಮ್ಮನಿಗೆ ನನ್ನ ಪ್ರಬಂಧದ ಒಂದು ಪುಟವೂ ಗೊತ್ತಿಲ್ಲ. ಗೊತ್ತಿರುವವರು ಯಾರೆಂದು ಯೋಚಿಸಿದಾಗ ತಲೆಗೆ ಹೊಳೆಯಿತು. ಇಲ್ಲಿ ನಾನು ಬರೆದದ್ದು ಅಲ್ಲಿಯ ಪರದೆಯ ಮೇಲೂ ಮೂಡುತ್ತದೆ! ಆ ಕಂಪ್ಯೂಟರು ಇರುವುದು ಶಿಡ್ಲಘಟ್ಟದ ಮನೆಯ ನಡುಮನೆಯಲ್ಲಿ. ಅದಕ್ಕೆ ಅತ್ತೆ ಟೀವಿಗೆ ಹೊದಿಸಿದ ಹಾಗೆ ಒಂದು ಕಸೂತಿ ಬಟ್ಟೆ ಹೊದಿಸಿದ್ದರು. ಧೂಳು ಒರೆಸಲು ಆ ಬಟ್ಟೆ ಎತ್ತಿದ್ದಾರೆ, ಒಳಗೆ ಅಕ್ಷರಗಳು ತಾವಾಗಿಯೇ ಬೀಳುತ್ತಿವೆ. ಮೊದಲ ದಿನ ಹೆದರಿದರಂತೆ. ಮಾರನೆಯ ದಿನದಿಂದ ಊಟ ಮುಗಿಸಿ, ಕನ್ನಡಕ ಏರಿಸಿ, ನನ್ನ ಕುರ್ಚಿ ಎಳೆದುಕೊಂಡು ಧಾರಾವಾಹಿ ನೋಡುವ ಹಾಗೆ ನೋಡುತ್ತಾ ಕೂತರಂತೆ. ಆಮೇಲೆ ನಮ್ಮಮ್ಮನಿಗೆ ಫೋನು. ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕು ನಾನು. ಅಲ್ಲಿ ನೋಡಿದರೆ ಪಕ್ಕದ ಮನೆಯವರಿಗೂ ಕುರ್ಚಿ ಹಾಕಿ ತೋರಿಸಿದ್ದಾರೆ.

ನನಗೆ ಬಂದ ಕೋಪ! ಓದಿ ಖುಷಿಪಟ್ಟಿದ್ದರೆ ನಾನೇ ಕೈಮುಗಿಯುತ್ತಿದ್ದೆ. ಒಂದು ವಾಕ್ಯ ಚೆನ್ನಾಗಿದೆ ಎಂದಿದ್ದರೂ ಸಾಕಿತ್ತು. ಅವರು ಓದಿದ್ದು ನಾನು ಎಷ್ಟು ಹೊತ್ತು ಕಣ್ಣು ಬಿಟ್ಟಿದ್ದೆ ಎಂದು ಲೆಕ್ಕ ಹಾಕಲು. ಅಂದಿನಿಂದ ನನ್ನ ಪರದೆ ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಕಪ್ಪಾಗತೊಡಗಿತು. ಅಲ್ಲಿ ಅತ್ತೆ ಸ್ವಿಚ್ ಆರಿಸುತ್ತಿದ್ದರು. ನಾನು ಗಂಡನಿಗೆ ಫೋನು ಮಾಡಿ ಕೂಗಾಡಿದರೆ ಅವರು ‘ಅಮ್ಮಂಗೆ ಹೇಳ್ತೀನಿ ಬಿಡೇ’ ಎನ್ನುತ್ತಿದ್ದರು. ಹೇಳುತ್ತಲೂ ಇದ್ದರು. ಒಂದೆರಡು ದಿನ ಕಂಪ್ಯೂಟರು ಉರಿಯುತ್ತಿತ್ತು, ಮತ್ತೆ ಆರುತ್ತಿತ್ತು. ಅತ್ತ ದರಿ ಇತ್ತ ಪುಲಿ ಎಂದು ಅವರು ನಿಟ್ಟುಸಿರು ಬಿಟ್ಟರೆ ನನಗೆ ಇನ್ನಷ್ಟು ಉರಿ. ಪುಲಿ ಯಾರು ಸ್ವಾಮಿ? ಹೆತ್ತು ಮಲಗಿದವಳೇ?

ಚಿಕ್ಕಬಳ್ಳಾಪುರದಲ್ಲಿರುವ ನನ್ನ ಮಾರ್ಗದರ್ಶಕರಿಗೂ ಫೋನು ಮಾಡಿದೆ. ‘ಮಗು ಆಯ್ತಲ್ಲಮ್ಮ, ದೇವ್ರು ದೊಡ್ಡೋನು. ಇದಾಗ್ಲಿಲ್ಲ ಅಂತ ಬೇಜಾರು ಮಾಡ್ಕೋಬೇಡ’ ಎಂದರು. ಮಗುವನ್ನು ಹೆತ್ತದ್ದಕ್ಕೆ ಪ್ರಬಂಧವನ್ನು ಬಿಟ್ಟುಕೊಡಬೇಕು ಎನ್ನುವ ಈ ವ್ಯಾಪಾರ ಯಾರು ಕುದುರಿಸಿದ್ದು? ಅವರಿಗೂ ಮಕ್ಕಳಿದ್ದಾರೆ. ಅವರ ಪ್ರಬಂಧದ ವೇಳೆಗೆ ಅವರ ಹೆಂಡತಿ ಹೆತ್ತಿದ್ದರು. ಅವರಿಗೆ ಯಾರೂ ಹೀಗೆ ಹೇಳಿರಲಿಕ್ಕಿಲ್ಲ.

ಕೊನೆಯ ದಿನ ಬಂತು. ಸಂಜೆ ಐದರೊಳಗೆ ಪ್ರಬಂಧವನ್ನು ವಿಶ್ವವಿದ್ಯಾಲಯದ ಜಾಲತಾಣಕ್ಕೆ ಅಪ್‌ಲೋಡ್ ಮಾಡಬೇಕು. ಅಧ್ಯಾಯ ಮುಗಿದಿತ್ತು. ಕೊನೆಯ ಕೆಲವು ಪುಟ ತಿದ್ದಿ, ಎಲ್ಲವನ್ನೂ ಒಂದು ಕಡತ ಮಾಡಿ ಕಳಿಸಿದರೆ ಆಯಿತು. ಬೆಳಿಗ್ಗೆ ಎರೆದುಕೊಂಡು ಬಂದು ಲ್ಯಾಪ್‌ಟಾಪ್ ತೆರೆದರೆ ಶಿಡ್ಲಘಟ್ಟ ಸಿಗಲಿಲ್ಲ. ಕದ್ದು ಮಾಡುವ ಹೊತ್ತು ಮುಗಿದಿತ್ತು. ಅಮ್ಮನ ಎದುರಿಗೇ ಅತ್ತೆಗೆ ಫೋನು ಮಾಡಿದೆ.

‘ಅತ್ತೆ, ಕಂಪ್ಯೂಟರ್ ಆನ್ ಮಾಡಿ.’

‘ಇವತ್ತು ಅಮಾವಾಸ್ಯೆ ಕಣಮ್ಮ, ಮಂಗಳವಾರ ಬೇರೆ. ಹಸೀ ಬಾಣಂತಿ ಇವತ್ತೊಂದಿನ ಕಣ್ಣಿಗೆ ಕೆಲಸ ಕೊಡಬಾರ್ದು. ನಾಳೆ ಬೆಳಿಗ್ಗೇನೇ ಹಾಕ್ತೀನಿ.’

‘ನಾಳೆ ಹಾಕಿದ್ರೆ ಏನು ಪ್ರಯೋಜನ? ಇವತ್ತೇ ಕೊನೇ ದಿನ ಅತ್ತೆ! ಐದು ಗಂಟೆ ಒಳಗೆ ಕಳಿಸ್ದೆ ಇದ್ರೆ ಎಲ್ಲಾ ಹೋಗುತ್ತೆ!’

‘ಎಲ್ಲಾ ಅಂದ್ರೆ ಏನಮ್ಮ? ಮಗು ಇದೆ, ನೀನಿದ್ದೀಯ. ಇನ್ನೇನು ಹೋಗುತ್ತೆ?’

ಆಗ ನಾನು ಕಿರುಚಿದೆ. ಏನು ಕಿರುಚಿದೆ ಎಂದು ನೆನಪಿಲ್ಲ. ಮಗು ಬೆಚ್ಚಿ ಅತ್ತಿತು. ಅಮ್ಮ ಓಡಿಬಂದು ನನ್ನ ಹಣೆ ಮುಟ್ಟಿ, ಫೋನು ಕಿತ್ತುಕೊಂಡು ಬೀಗಿತ್ತಿಗೆ ಹೇಳಿದರು. ‘ಕಣ್ಣೆಲ್ಲ ಕೆಂಪಗಾಗಿದೆ ಕಣ್ರಿ. ಸನ್ನಿ ಗಿನ್ನಿ ಏನಾದ್ರೂ...’ ನನಗೆ ಜ್ವರವಿರಲಿಲ್ಲ. ಎಂದೂ ಇಲ್ಲದಷ್ಟು ನೆಟ್ಟಗಿತ್ತು ತಲೆ. ಗಂಡನಿಗೆ ಫೋನು ಹಚ್ಚಿದರೆ ಸ್ವಿಚ್ ಆಫ್. ಅವರು ಅಂದು ಪರೀಕ್ಷೆಯ ಕೊಠಡಿಯಲ್ಲಿದ್ದರು.

ಎದ್ದೆ. ಮಗುವನ್ನು ಸುತ್ತಿಕೊಂಡೆ, ಲ್ಯಾಪ್‌ಟಾಪನ್ನು ಮಗುವಿನ ಬಟ್ಟೆಯ ಚೀಲಕ್ಕೆ ತುರುಕಿದೆ. ‘ಗಾಡಿ ಮಾಡಿ, ಶಿಡ್ಲಘಟ್ಟಕ್ಕೆ ಹೋಗ್ತೀನಿ’ ಎಂದೆ.

‘ವದ್ದಮ್ಮಾ, ವದ್ದು’ ಎಂದು ಅಮ್ಮ ಬಾಗಿಲಿಗೆ ಅಡ್ಡ ನಿಂತರು. ಹೆದರಿದರೆ ಅವರ ಬಾಯಲ್ಲಿ ಬರುವುದು ತೆಲುಗೇ. ‘ಮೂರು ತಿಂಗಳು ತುಂಬಿಲ್ಲ, ಅಮಾವಾಸ್ಯೆ ದಿನ ಮಗೂನ ಊರು ದಾಟಿಸ್ತಾರಾ ಯಾರಾದ್ರೂ?’

‘ನೀವು ಗಾಡಿ ಮಾಡ್ದಿದ್ರೆ ಬಸ್ಸಲ್ಲಿ ಹೋಗ್ತೀನಿ’ ಎಂದೆ. ಬಸ್ಸು ಎಂದ ಕೂಡಲೇ ಗಾಡಿ ಬಂತು. ಅಮ್ಮನೂ ಹತ್ತಿದರು. ಗಾಜು ಏರಿಸಿ, ನನ್ನ ಕಿವಿಯ ಹತ್ತಿ ಮತ್ತೆ ಗಟ್ಟಿಮಾಡಿ, ಮಗುವಿನ ತೊಟ್ಟಿಲ ಬಟ್ಟೆಯಲ್ಲಿ ಬೇವಿನ ಸೊಪ್ಪನ್ನೂ ಒಂದು ಕಬ್ಬಿಣದ ತುಂಡನ್ನೂ ಇಟ್ಟುಕೊಂಡು ದಾರಿಯುದ್ದಕ್ಕೂ ಏನೋ ಹೇಳಿಕೊಳ್ಳುತ್ತಿದ್ದರು. ಚಿಕ್ಕಬಳ್ಳಾಪುರದಲ್ಲಿ ಚೆಂಡುಹೂವಿನ ಮೂಟೆಗಳ ಗಾಡಿ ಅಡ್ಡ ನಿಂತು ತಡವಾಯಿತು. ನಾನು ಮಗುವಿಗೆ ಹಾಲು ಕುಡಿಸುತ್ತಾ ಗಡಿಯಾರ ನೋಡಿದೆ. ಶಿಡ್ಲಘಟ್ಟ ಹತ್ತಿರವಾಗಿ, ರೇಷ್ಮೆ ಗೂಡು ಬೇಯಿಸುವ ವಾಸನೆ ಗಾಜು ಮುಚ್ಚಿದ್ದರೂ ಒಳಗೆ ಬಂದಾಗ ಅಳು ಬಂದುಬಿಟ್ಟಿತು. ಆ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದವಳು ನಾನು, ಅಂದು ಅದು ಮನೆ ಬಂತೆಂದು ಹೇಳಿತು.

ಅತ್ತೆ ಬಾಗಿಲು ತೆರೆದರು. ತೆರೆದವರು ಎರಡೂ ಕೈ ಚಾಚಿ ಚೌಕಟ್ಟಿಗೆ ಅಡ್ಡ ನಿಂತರು.

‘ಅಯ್ಯೋ ನಿನ್ನ! ಏನಮ್ಮ ಇದು, ಅಮಾವಾಸ್ಯೆ ದಿನ! ಮೊದಲ್ನೇ ಸಲ ಮಗು ಮನೆಗೆ ಬರೋದು, ಆರತಿ ಇಲ್ಲ, ಮುಹೂರ್ತ ಇಲ್ಲ. ಹೊಸಿಲು ದಾಟಿಸ್ಬೇಡ.’

‘ಮಗು ಅಮ್ಮನ ಹತ್ರ ಹೊರಗೇ ಇರ್ಲಿ. ನಾನೊಬ್ಳೇ ಒಳಗೆ ಬರ್ತೀನಿ.’

‘ಖಾಲಿ ಮಡ್ಲಲ್ಲಿ ಬಾಣಂತಿ ಒಳಗೆ ಬರೋದಾ? ಬಿಡ್ತು ಅನ್ನು, ಬಿಡ್ತು ಅನ್ನು!’

ನಾನು ಅವರ ತೋಳು ಸರಿಸಿ ಒಳಗೆ ಹೋಗಬಹುದಿತ್ತು. ಹೋಗಲೆಂದೇ ಒಂದು ಕಾಲು ಎತ್ತಿದೆ. ಹಿಂದಿನಿಂದ ಅಮ್ಮ ಮೆಲ್ಲಗೆ ಹೇಳಿದರು, ‘ನಾಳೆ ಮಗೂಗೆ ಏನಾದ್ರೂ ಆದ್ರೆ?’

ಆ ಒಂದು ಮಾತಿಗೆ ಎತ್ತಿದ ಕಾಲು ಅಲ್ಲೇ ನಿಂತಿತು. ಇಂಥದ್ದನ್ನು ನಂಬದವಳು ನಾನು, ಈಗಲೂ ನಂಬುವುದಿಲ್ಲ. ಆದರೆ ಮಗುವಿಗೆ ಒಂದು ನೆಗಡಿ ಬಂದರೂ ಸಾಯುವತನಕ ಈ ಕಾಲನ್ನು ಎಲ್ಲರೂ ಬೆರಳು ಮಾಡಿ ತೋರಿಸುತ್ತಾರೆ, ನಾನೂ ತೋರಿಸಿಕೊಳ್ಳುತ್ತೇನೆ. ಅದು ಆ ಇಬ್ಬರಿಗೂ ಗೊತ್ತಿತ್ತು. ಕಬ್ಬಿಣದ ಬಾಗಿಲಿಗೂ ಅಂಥ ಅಗುಳಿ ಇರುವುದಿಲ್ಲ. ನನ್ನ ಸ್ವಂತ ಮನೆಯ ಮುಂದೆ, ನನ್ನ ಕಂಪ್ಯೂಟರಿಗೆ ಹತ್ತು ಹೆಜ್ಜೆ ದೂರದಲ್ಲಿ ನಾನು ಬಿಕ್ಕಿ ಬಿಕ್ಕಿ ಅತ್ತೆ. ದುಃಖಕ್ಕಲ್ಲ, ಅವಮಾನಕ್ಕೆ.

ಅತ್ತೆಯ ದನಿ ಇಳಿಯಿತು. ‘ನಿನ್ನ ಕಣ್ಣಿಗೋಸ್ಕರ ಹೇಳ್ತಿರೋದು ಕಣಮ್ಮ. ನಂಗೆ ಈ ದಪ್ಪ ಕನ್ನಡಕ ಯಾಕೆ ಬಂತು ಅಂದ್ಕೊಂಡಿದ್ದೀಯ? ಹಸೀ ಬಾಣಂತೀಲಿ ಉತ್ತರ ಪತ್ರಿಕೆ ತಿದ್ದಿದ್ದಕ್ಕೆ.’

‘ಆದ್ರೂ ತಿದ್ದಿದ್ರಲ್ಲ ಅತ್ತೆ!’ ಎಂದೆ. ‘ನಿಮ್ಗೆ ಯಾರೂ ದೀಪ ಆರಿಸ್ಲಿಲ್ವಲ್ಲ!’

ಅತ್ತೆ ನನ್ನನ್ನು, ಅಮ್ಮನ ಮಡಿಲ ಮಗುವನ್ನು, ಬೀದಿಯಲ್ಲಿ ನಿಂತು ನೋಡುತ್ತಿದ್ದ ಎದುರುಮನೆಯವರನ್ನು ಒಂದೊಂದಾಗಿ ನೋಡಿ ಒಳಗೆ ಹೋದರು. ಕಿಟಕಿಯಿಂದ ಸ್ವಿಚ್ಚಿನ ಸದ್ದು ಕೇಳಿಸಿತು. ಕಂಪ್ಯೂಟರಿನ ಫ್ಯಾನು ಗುರ್ ಎಂದಿತು.

‘ಹಾಕಿದೀನಿ. ಹೊಸಿಲು ದಾಟ್ಬೇಡ, ಅಲ್ಲೇ ಕೂತ್ಕೊಂಡು ಮಾಡ್ಕೋ’ ಎಂದರು ಒಳಗಿನಿಂದ.

ಜಗಲಿಯ ಮೇಲೆ ಕೂತೆ. ಗೋಡೆಗೆ ಒರಗಿ, ಮಗುವಿನ ದಿಂಬಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಪಾಸ್‌ವರ್ಡ್ ಒತ್ತಿದೆ. ನನ್ನ ಮನೆಯ ವೈಫೈ ಕಿಟಕಿಯಿಂದ ಹೊರಗೆ ಬರುತ್ತಿತ್ತು. ವೈಫೈಗೆ ಅಮಾವಾಸ್ಯೆಯಿಲ್ಲ, ಪುಣ್ಯ. ಇಡೀ ಮೂವತ್ತನಾಲ್ಕು ವರ್ಷದ ಬದುಕಿನಲ್ಲಿ ಅಷ್ಟು ಚುರುಕಾಗಿ ಅಕ್ಷರ ಬಿದ್ದದ್ದು ನಾನು ನೋಡಿಲ್ಲ. ಇಲ್ಲಿ ಒತ್ತುವುದೇ ತಡ, ಅಲ್ಲಿ ಬೀಳುತ್ತಿತ್ತು. ಅಲ್ಲಿ ಎಂದರೆ ಎಲ್ಲಿ? ನನ್ನ ಬೆನ್ನ ಹಿಂದಿನ ಗೋಡೆಯ ಆಚೆ. ಗೌರಿಬಿದನೂರಿನಿಂದ ಬರೆಯಲು ಮಾಡಿಕೊಂಡ ಉಪಾಯ ನನ್ನ ಮನೆಯಲ್ಲಿ ನನಗೇ ಬೇಕಾಯಿತಲ್ಲ ಎಂದು ನಗುವೂ ಬಂತು, ಹಲ್ಲು ಕಡಿಯುವ ಹಾಗೂ ಆಯಿತು. ಎದುರುಮನೆಯಾಕೆ ‘ಒಳಗ್ಯಾಕೆ ಕೂತಿಲ್ಲ ಮೇಡಂ?’ ಎಂದು ಕೇಳಿದರು. ನಾನು ತಲೆ ಎತ್ತದೆ ಟೈಪು ಮಾಡುತ್ತಲೇ ಇದ್ದೆ.

ನಡುವೆ ಕತ್ತು ತಿರುಗಿಸಿ ಕಿಟಕಿಯ ಸರಳುಗಳ ನಡುವಿನಿಂದ ಒಳಗೆ ನೋಡಿದೆ. ಪರದೆಯ ಮೇಲೆ ನನ್ನ ಪುಟ. ಅದರ ಮುಂದೆ ನನ್ನ ಕುರ್ಚಿ. ಕುರ್ಚಿಯಲ್ಲಿ ಅತ್ತೆ, ಬೆನ್ನು ನನ್ನ ಕಡೆಗೆ. ನಾನು ಬರೆಯುವುದನ್ನು ಓದುತ್ತಾ ಸ್ವಿಚ್ಚಿನ ಪಕ್ಕದಲ್ಲೇ ಕೂತಿದ್ದರು. ಮೈಯೆಲ್ಲ ಉರಿಯಿತು. ಪ್ರಬಂಧದ ನಡುವೆ, ಕಳವಾರದ ಸಾಲಿನ ಕೆಳಗೆ, ಹೊಸ ಸಾಲು ಮಾಡಿ ಟೈಪು ಮಾಡಿದೆ:

‘ಅತ್ತೆ, ಅದು ನನ್ನ ಕುರ್ಚಿ.’

ಅವರು ಕನ್ನಡಕ ಸರಿಮಾಡಿಕೊಂಡದ್ದು ಹಿಂದಿನಿಂದ ಕಾಣಿಸಿತು. ತಿರುಗಲಿಲ್ಲ. ಎದ್ದರು. ಕೈ ಸ್ವಿಚ್ಚಿನ ಕಡೆಗೆ ಹೋಗುತ್ತದೆಂದು ನಾನು ಬರೆದಷ್ಟನ್ನು ಸೇವ್ ಮಾಡಿದೆ. ಹೋಗಲಿಲ್ಲ. ಕುರ್ಚಿಯನ್ನು ಮೇಜಿನ ಒಳಗೆ ತಳ್ಳಿ, ಗೋಡೆಗೆ ಒರಗಿ ನಿಂತರು. ನಾನು ಆ ಸಾಲು ಅಳಿಸಿ ಮುಂದೆ ಬರೆದೆ. ಆಮೇಲೆ ಅವರು ಕೂರಲೇ ಇಲ್ಲ. ಮಂಡಿನೋವಿನ ಹೆಂಗಸು, ಮಧ್ಯಾಹ್ನವೆಲ್ಲ ನಿಂತೇ ಇದ್ದರು.

ಐದಕ್ಕೆ ಮುಂಚೆ ಪ್ರಬಂಧ ಹೋಯಿತು. ಸ್ವೀಕರಿಸಿದ್ದೇವೆ ಎಂಬ ಸಾಲು ಪರದೆಯ ಮೇಲೆ ಬಂತು. ನನಗಿಂತ ಮೊದಲು ಅದನ್ನು ಓದಿದವರು ಅತ್ತೆ. ‘ಹೋಯ್ತಂತೆ ನೋಡಮ್ಮ’ ಎಂದು ಒಳಗಿನಿಂದ ಕೂಗಿದರು. ಹೊಸಿಲಿನ ಈಚೆಗೆ ಒಂದು ಲೋಟ ಬಿಸಿ ಹಾಲು ಇಟ್ಟರು. ಕುಡಿದೆ, ಬಾಣಂತಿಗೆ ಹಸಿವು ಸಿಟ್ಟಿಗಿಂತ ದೊಡ್ಡದು. ಅದೇ ಗಾಡಿಯಲ್ಲಿ ಗೌರಿಬಿದನೂರಿಗೆ ವಾಪಸ್ಸಾದೆವು.

ಐದನೇ ತಿಂಗಳಲ್ಲಿ ಒಳ್ಳೇ ದಿನ ನೋಡಿ ಕರೆಸಿಕೊಂಡರು. ಕೆಂಪು ನೀರಿನ ಆರತಿ ಎತ್ತಿ, ‘ಬಲಗಾಲಿಟ್ಟು ಬಾಮ್ಮ’ ಎಂದರು. ಬಲಗಾಲಿಟ್ಟೇ ಹೋದೆ. ‘ಮೊದ್ಲು ದೇವ್ರ ಮನೆಗೆ’ ಎಂದು ಎಲ್ಲರೂ ಹೇಳುತ್ತಿರುವಾಗ ನೆಟ್ಟಗೆ ನಡುಮನೆಗೆ ಹೋಗಿ, ಮಗಳನ್ನು ಮಡಿಲಲ್ಲಿಟ್ಟುಕೊಂಡು ನನ್ನ ಕುರ್ಚಿಯಲ್ಲಿ ಕೂತೆ. ಯಾರೂ ಏಳು ಎನ್ನಲಿಲ್ಲ. ಮಗಳಿಗೆ ಏನೂ ಆಗಲಿಲ್ಲ. ನನ್ನ ಕಣ್ಣಿಗೂ ಏನೂ ಆಗಲಿಲ್ಲ, ಇವತ್ತಿಗೂ ಸೂಜಿಗೆ ದಾರ ಪೋಣಿಸುವವಳು ಈ ಮನೆಯಲ್ಲಿ ನಾನೇ.

ಈಗ ಮನೆಗೆ ಯಾರೇ ಬರಲಿ, ಅತ್ತೆ ನನ್ನನ್ನು ತೋರಿಸಿ ಹೇಳುತ್ತಾರೆ, ‘ನಮ್ಮ ಸೊಸೆ ಡಾಕ್ಟ್ರೇಟು. ಹಸೀ ಬಾಣಂತೀಲೇ ಮುಗಿಸಿದ್ಲು. ನಾವು ಯಾವತ್ತೂ ಓದಿಗೆ ಅಡ್ಡ ಬಂದೋರಲ್ಲ.’ ಬಂದವರು ‘ಪುಣ್ಯವಂತೆ ಕಣಮ್ಮ ನೀನು’ ಎನ್ನುತ್ತಾರೆ. ನಾನು ಕಾಫಿ ಲೋಟ ಕೊಡುತ್ತಾ, ‘ಎಲ್ಲಿ ಕೂತು ಮುಗಿಸ್ದೆ ಅಂತಾನೂ ಹೇಳಿ ಅತ್ತೆ’ ಎನ್ನುತ್ತೇನೆ. ಅವರು ನಕ್ಕು ಮಾತು ತಿರುಗಿಸುತ್ತಾರೆ. ಬಂದವರು ಹೊರಡುವಾಗ ಅದೇ ಜಗಲಿಯ ಮೇಲೆ ಕೂತು ಚಪ್ಪಲಿ ಹಾಕಿಕೊಳ್ಳುತ್ತಾರೆ.